ಬುಟವಲ್‌ನಲ್ಲಿ ಉಳಿದವರು

ಬುಟವಲ್, ನೇಪಾಳ
೪-೧೧-೧೯೯೮

ಹೇಮಾಳಿಗೆ ಗೋವಿಂದರಾಜನ ಆಶೀರ್ವಾದ.

ನಾವು ಪಶುಪತಿನಾಥನನ್ನು ನೋಡಲಿಲ್ಲ. ಇನ್ನು ನೋಡುವ ಹಾಗೂ ಇಲ್ಲ. ಕಾಶಿಯಿಂದ ಬರೆದ ಕಾಗದದಲ್ಲಿ ಎಲ್ಲ ಸುಸೂತ್ರ ಎಂದಿದ್ದೆ, ಅದನ್ನು ಮರೆತುಬಿಡು.

ಭಾನುವಾರ ಗಡಿ ದಾಟಿ, ಸಂಜೆ ಈ ಊರನ್ನೂ ದಾಟಿ ಕಠ್ಮಂಡುವಿನ ದಾರಿ ಹಿಡಿದಿದ್ದೆವು. ಕಾರ್ತಿಕ ಸೋಮವಾರದ ದರ್ಶನ ತಪ್ಪಬಾರದೆಂದು ವಿರುಪಣ್ಣ ಮಾಸ್ತರರ ಅವಸರ. ಯಾತ್ರೆ ಹೊರಡಿಸಿದವರು ಅವರು, ಎಲ್ಲ ಅವರ ಲೆಕ್ಕದಂತೆಯೇ ನಡೆಯಬೇಕು. ಕತ್ತಲಾಗುತ್ತಿತ್ತು. ರಸ್ತೆಯ ನಡುವೆ ಆಕಳೊಂದು ಮಲಗಿತ್ತು. ಶಾಮೀದಸಾಬನಿಗೆ ಕಾಣಲಿಲ್ಲವೋ, ಕಂಡರೂ ಬ್ರೇಕು ಹಿಡಿಯಲಿಲ್ಲವೋ, ಟ್ರ್ಯಾಕ್ಸು ಗಾಡಿ ಅದಕ್ಕೆ ಬಡಿದು ಪಕ್ಕದ ತಗ್ಗಿಗೆ ಇಳಿಯಿತು. ನಮ್ಮಲ್ಲಿ ಯಾರಿಗೂ ದೊಡ್ಡ ಪೆಟ್ಟಿಲ್ಲ. ಅವ್ವನ ಎಡಗೈ ಬಾತಿದೆ, ಅಷ್ಟೆ. ಆಕಳು ಮಾತ್ರ ಸತ್ತಿತು.

ನಮ್ಮ ಕಡೆ ಆಗಿದ್ದರೆ ಹತ್ತು ಮಂದಿ ಸೇರಿ, ಜಗಳಾಡಿ, ಆಕಳಿನವನಿಗೆ ಏನೋ ಕೊಟ್ಟು ಮುಂದೆ ಹೋಗುತ್ತಿದ್ದೆವು. ಇಲ್ಲಿ ಅದು ರಾಷ್ಟ್ರಪ್ರಾಣಿ. ಬೇಕೆಂದು ಕೊಂದರೆ ವರ್ಷಗಟ್ಟಲೆ ಜೈಲಂತೆ. ಬೇಕೆಂದೋ ಆಕಸ್ಮಿಕವೋ ಎಂಬುದನ್ನು ಕೋರ್ಟು ಹೇಳಬೇಕು. ಅಲ್ಲಿಯವರೆಗೆ ಶಾಮೀದಸಾಬ ಠಾಣೆಯ ಒಳಗೆ, ಗಾಡಿ ಠಾಣೆಯ ಅಂಗಳದಲ್ಲಿ. ಗಾಡಿಯ ಮಾಲೀಕ ಗಂಗಾವತಿಯ ಓಬಳೆಪ್ಪನಿಗೆ ತಂತಿ ಕೊಟ್ಟಿದ್ದೇವೆ. ನೀನು ಹಿಟ್ನಾಳಕ್ಕೆ ಹೋಗಿ ಶಾಮೀದಸಾಬನ ಹೆಂಡತಿ ಗೌಸಬೀಗೆ ಸುದ್ದಿ ಮುಟ್ಟಿಸು. ಹೆದರಿಸಬೇಡ.

ಪೊಲೀಸರು ನಮ್ಮನ್ನೆಲ್ಲ ವಿಚಾರಿಸಿ ಹೋಗಬಹುದು ಎಂದಿದ್ದಾರೆ. ಗೋರಖಪುರದಿಂದ ರೈಲು ಹಿಡಿಯುತ್ತೇವೆ. ಅವ್ವ ಮಾತ್ರ ಯಾವುದೋ ಹಠ ಹಿಡಿದು ಕುಳಿತಿದ್ದಾಳೆ. ನಿನಗೆ ಅದೇನೂ ಹೊಸದಲ್ಲ, ನಾಳೆಗೆ ಇಳಿಯುತ್ತದೆ. ಈ ಕಾಗದಕ್ಕಿಂತ ಮೊದಲು ನಾವೇ ಬಂದಿರುತ್ತೇವೆ. ಆದರೂ ಇರಲೆಂದು ನಾವಿರುವ ಧರ್ಮಶಾಲೆಯ ವಿಳಾಸವನ್ನು ಹಾಳೆಯ ಹಿಂದೆ ಬರೆದಿದ್ದೇನೆ.

ಸಹನಾಳಿಗೆ ಮುತ್ತು.

ಗೋವಿಂದರಾಜ


ಮುನಿರಾಬಾದ್
೧೮-೧೧-೧೯೯೮

ಹೇಮಾಳ ನಮಸ್ಕಾರಗಳು.

ಕಾಗದ ಮೊನ್ನೆ ಬಂತು. ನೀವು ಬರಲಿಲ್ಲ.

ಉಳಿದವರೆಲ್ಲ ಬಂದು ವಾರವಾಯಿತು. ವಿರುಪಣ್ಣ ಮಾಸ್ತರರು ಅತ್ತೆಯವರ ಗಂಗಾಜಲದ ತಂಬಿಗೆ ಕೊಡಲು ನಮ್ಮ ಕ್ವಾರ್ಟರ್ಸಿಗೆ ಬಂದಿದ್ದರು. ಒಂದು ತಾಸು ಕುಳಿತು ಕಥೆ ಹೇಳಿದರು. ಶಾಮೀದಸಾಬ ಮೊದಲಿನಿಂದಲೂ ಗಾಡಿಯನ್ನು ಜೋರಾಗಿ ಓಡಿಸುತ್ತಿದ್ದನಂತೆ, ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ಅದನ್ನೇ ಪೊಲೀಸರ ಮುಂದೆ ಹೇಳಿದ್ದಕ್ಕೆ ನಿಮ್ಮನ್ನೆಲ್ಲ ಬೇಗ ಬಿಟ್ಟರಂತೆ. ಇಷ್ಟೂ ಹೊತ್ತು ಬಾಗಿಲ ಹತ್ತಿರ ಒಬ್ಬಳು ಹೆಂಗಸು ಕುಳಿತಿದ್ದಳು. ಅವಳು ಯಾರೆಂದು ಅವರು ಕೇಳಲಿಲ್ಲ. ನನಗೆ ಹೇಳಲು ಬಾಯಿ ಬರಲಿಲ್ಲ. ಅವಳು ಗೌಸಬೀ. ತಂತಿಯ ಸುದ್ದಿ ಸಿಕ್ಕ ದಿನದಿಂದ ಹಿಟ್ನಾಳದಿಂದ ದಿನಾ ಬರುತ್ತಾಳೆ.

ಮಾಸ್ತರರು ಹೋದ ಮೇಲೆ ಅವಳು ಒಂದೇ ಮಾತು ಕೇಳಿದಳು: “ಅಕ್ಕಾರ, ಸಾಹೇಬ್ರೂ ಹಂಗ ಹೇಳ್ಯಾರೇನ್ರಿ?”

ನನಗೆ ಗೊತ್ತಿಲ್ಲ ಎಂದೆ. ಚಹಾ ಕುಡಿದಳು. ಬೇಡವೆಂದರೂ ಕಪ್ಪು ತಾನೇ ತೊಳೆದಿಟ್ಟು ಹೋದಳು.

ಹೌದೇನ್ರಿ? ಹಾಗೆ ಹೇಳಿದಿರಾ? ಎರಡು ವರ್ಷದ ಹಿಂದೆ ನನ್ನ ಅವ್ವನನ್ನು ಹುಬ್ಬಳ್ಳಿ ಆಸ್ಪತ್ರೆಗೆ ಕರೆದುಕೊಂಡು ಹೋದವನು ಇದೇ ಶಾಮೀದಸಾಬ. ಅವನು ಓಡಿಸುವ ಪರಿ ನೋಡಿ ನನಗೆ ಇಳಿದು ಹಿಂದಿನಿಂದ ನೂಕಬೇಕು ಅನ್ನಿಸಿತ್ತು. ಗದಗಿನ ತನಕ ಎತ್ತಿನ ಬಂಡಿಗಳು ಕೂಡ ನಮ್ಮನ್ನು ದಾಟಿ ಹೋದವು ಎಂದು ನೀವೇ ಎಲ್ಲರ ಮುಂದೆ ಹೇಳಿ ನಗಿಸಿದ್ದಿರಿ.

ಪಕ್ಕದ ಮನೆಯ ಫೋನಿಗೆ ಮಾಡಿದವರು ಅತ್ತೆಯವರಿಗೆ ಆರಾಮಿಲ್ಲ ಅಂದಿರಿ, ಇಟ್ಟುಬಿಟ್ಟಿರಿ. ಏನು ಆರಾಮಿಲ್ಲ? ಮಾಸ್ತರರನ್ನು ಮುಖಕ್ಕೆ ನಿಂತು ಬೈಯುವಷ್ಟು ಆರಾಮವಿದ್ದರು ಎಂದು ಮಾಸ್ತರರೇ ಹೇಳಿದರು.

ನಿಮ್ಮ ರಜೆ ಮುಗಿದಿದೆ. ಕಾಲುವೆಯ ಕೊನೆ ಭಾಗಕ್ಕೆ ನೀರು ಮುಟ್ಟಿಲ್ಲವೆಂದು ಗಂಗಾವತಿ ಕಡೆಯ ರೈತರು ಕಚೇರಿಯ ಮುಂದೆ ಕುಳಿತಿದ್ದಾರೆ. ಗೋವಿಂದರಾಜ ಎಲ್ಲಿ ಎಂದು ಕೇಳಲು ಜವಾನ ಎರಡು ಸಲ ಬಂದ. ಅತ್ತೆಯವರು ನಮ್ಮ ಮನೆಗೆ ಬಂದಮೇಲೆ ಮೊದಲ ಸಲ ನನಗೆ ಒಂದು ತಿಂಗಳು ನನ್ನ ಮನೆ ನನ್ನ ಪಾಲಿಗೆ ಸಿಕ್ಕಿತ್ತು. ಸಾರಿಗೆ ಖಾರ ಸಾಲದು ಎನ್ನುವವರಿಲ್ಲದೆ ಉಂಡು ಮಲಗಬೇಕೆಂದಿದ್ದೆ. ಅದನ್ನೂ ನೀವು ಉಳಿಸಲಿಲ್ಲ.

ಉತ್ತರ ಬರೆಯಿರಿ. ಪೂರ್ತಿ ಬರೆಯಿರಿ.

ಹೇಮಾ


ಬುಟವಲ್
೨೯-೧೧-೧೯೯೮

ಹೇಮಾಳಿಗೆ,

ಪೂರ್ತಿ ಬರೆ ಎಂದಿದ್ದೀ. ಮೊದಲು ನನ್ನ ಪಾಡು ಕೇಳು.

ನಮ್ಮವರೆಲ್ಲ ಹೊರಟ ದಿನ ಅವ್ವ ಗಂಟು ಕಟ್ಟಲೇ ಇಲ್ಲ. ನಾನು ಕಟ್ಟಿದ್ದನ್ನೂ ಬಿಚ್ಚಿದಳು. ಶಾಮೀದನ ಜೊತೆ ಬಂದಿದ್ದೇವೆ, ಅವನ ಜೊತೆಗೇ ಹೋಗಬೇಕು ಎಂದು ಧರ್ಮಶಾಲೆಯ ಕಂಬಕ್ಕೆ ಒರಗಿ ಕುಳಿತಳು. ಮಾಸ್ತರರು ಬುದ್ಧಿ ಹೇಳಲು ಹೋಗಿ ಬೈಸಿಕೊಂಡರು. ಎಪ್ಪತ್ತು ದಾಟಿದ ಹೆಂಗಸನ್ನು ಹೊತ್ತುಕೊಂಡು ಹೋಗಲೇ? ಆರಾಮಿಲ್ಲ ಎಂದು ಫೋನಿನಲ್ಲಿ ಹೇಳಿದ್ದು ಸುಳ್ಳು. ಪಕ್ಕದ ಮನೆಯವರ ಎದುರು ನೀನು ಏನೆಂದು ಹೇಳಿಕೊಳ್ಳುತ್ತಿದ್ದೆ?

ಈಗ ಇವಳ ದಿನಚರಿ ಕೇಳು. ಇಲ್ಲಿ ಜೋಳದ ಹಿಟ್ಟಿಲ್ಲ. ಅದಕ್ಕೆ ಬಜಾರದ ಅಂಗಡಿಯವರನ್ನೆಲ್ಲ ಒಂದು ಸುತ್ತು ಬೈದು ಬಂದಳು. ಮೆಕ್ಕೆಜೋಳದ ಹಿಟ್ಟು ತಂದು ರೊಟ್ಟಿ ಬಡಿಯುತ್ತಾಳೆ, ಬಟ್ಟೆಯಲ್ಲಿ ಕಟ್ಟಿಕೊಂಡು ಠಾಣೆಗೆ ನಡೆಯುತ್ತಾಳೆ. ಮೊದಮೊದಲು ಪೊಲೀಸರು ಒಳಗೆ ಬಿಡಲಿಲ್ಲ. ಈಗ ದೂರದಿಂದ ಕಂಡರೆ ಸಾಕು, ಆಮಾ, ಅಂದರೆ ಅವ್ವ, ಬಂದಳು ಎಂದು ಗೇಟು ತೆಗೆಯುತ್ತಾರೆ. ಇವಳು ಅವರೊಂದಿಗೆ ಕನ್ನಡದಲ್ಲೇ ಮಾತಾಡುತ್ತಾಳೆ. ಅವರಿಗೆ ತಿಳಿಯದಿದ್ದರೆ ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳುತ್ತಾಳೆ. ಮಧ್ಯಾಹ್ನ ಬಸ್ಸು ಹತ್ತಿ ಆಕಳಿನ ಮಾಲೀಕನ ಮನೆಗೆ ಹೋಗುತ್ತಾಳೆ. ಒಬ್ಬ ಮುದುಕ, ಒಂಟಿಯಾಗಿದ್ದಾನೆ. ಅಲ್ಲಿ ಅಂಗಳದಲ್ಲಿ ಕುಳಿತು ಏನು ಮಾತಾಡುತ್ತಾಳೋ ಶಿವನೇ ಬಲ್ಲ. ಬರುವಾಗ ಬಗಲಲ್ಲಿ ಒಂದು ಕುಂಬಳಕಾಯಿ. ನಾವು ವಾರದಿಂದ ಕುಂಬಳಕಾಯಿ ಪಲ್ಯ ತಿನ್ನುತ್ತಿದ್ದೇವೆ.

ಇನ್ನು ನೀನು ಕೇಳಿದ್ದು.

ಗಡಿಯಲ್ಲಿ ಗಾಡಿಯ ಪರವಾನಗಿಗಾಗಿ ಶಾಮೀದಸಾಬ ಇಡೀ ರಾತ್ರಿ ಸಾಲಿನಲ್ಲಿ ನಿಂತಿದ್ದ. ಬುಟವಲ್‌ನಲ್ಲಿ ಚಹಾಕ್ಕೆ ನಿಲ್ಲಿಸಿದಾಗ, ಕಣ್ಣು ಎಳೆಯುತ್ತಿವೆ, ಸ್ವಲ್ಪ ಮಲಗಿ ಏಳುತ್ತೇನೆ ಎಂದ. ಮಾಸ್ತರರು ಸೋಮವಾರದ ದರ್ಶನ ತಪ್ಪುತ್ತದೆ ಎಂದರು. ಎಲ್ಲರೂ ಹೌದೆಂದರು. ಮುಂದಿನ ಸೀಟಿನಲ್ಲಿ ಕೂತಿದ್ದ ನಾನೂ, ಇನ್ನೆರಡು ತಾಸು ಎಳಿ ಮಾರಾಯಾ, ಎಂದೆ.

ಮರುದಿನ ಠಾಣೆಯಲ್ಲಿ ಅಧಿಕಾರಿ ಕೇಳಿದಾಗ ಮಾಸ್ತರರು ಹಿಂದಿಯಲ್ಲಿ, ಇವನು ದಾರಿಯುದ್ದಕ್ಕೂ ಹೀಗೇ ಓಡಿಸಿದ, ಹೇಳಿದರೆ ಕೇಳಲಿಲ್ಲ ಎಂದರು. ಅಧಿಕಾರಿ ನನ್ನ ಕಡೆ ತಿರುಗಿ, ನೀವು ಮುಂದೆ ಕೂತವರು, ಇದು ನಿಜವೇ ಎಂದ. ನಾನು ಗೋಣು ಹಾಕಿದೆ. ಮಾತಾಡಲಿಲ್ಲ, ಗೋಣು ಹಾಕಿದೆ ಅಷ್ಟೇ. ಶಾಮೀದಸಾಬ ಅಲ್ಲೇ ಗೋಡೆಗೆ ನಿಂತಿದ್ದ. ಅವನಿಗೆ ಹಿಂದಿ ನನಗಿಂತ ಚೆನ್ನಾಗಿ ಬರುತ್ತದೆ.

ಅವ್ವನಿಗೆ ಬರುವುದಿಲ್ಲ. ಧರ್ಮಶಾಲೆಗೆ ಬಂದ ಮೇಲೆ ಕೇಳಿದಳು.

“ಮಾಸ್ತರ ಏನಂದಾ?”

ಹೇಳಿದೆ.

“ನೀ ಏನಂದಿ?”

ನಾನು ಚಪ್ಪಲಿ ಬಿಚ್ಚಲು ಬಗ್ಗಿದೆ.

“ನಿದ್ದಿ ಬರಾಕತ್ತೈತಿ, ಒಂಚೂರು ಅಡ್ಡ ಆಗ್ತೀನಿ ಅಂತ ಅಂವಾ ಕೇಳಿದ್ದು ನಾ ಹಿಂದ ಕುಂತು ಕೇಳೀನಿ. ಬ್ಯಾಡಾ ಅಂದವರು ನೀವು. ಈಗ ನಾ ಊರಿಗೆ ಹೋಗಿ ಗೌಸಬೀಗೆ ಏನಂತ ಹೇಳ್ಲಿ?”

ಅಂದಿನಿಂದ ಇಂದಿನವರೆಗೆ ಆ ಮಾತನ್ನು ಮತ್ತೆ ಎತ್ತಿಲ್ಲ. ಎತ್ತಿದ್ದರೆ ಜಗಳವಾದರೂ ಆಡಬಹುದಿತ್ತು. ಶಾಮೀದಸಾಬ ರೊಟ್ಟಿಯನ್ನು ಅವಳ ಕೈಯಿಂದ ತೆಗೆದುಕೊಳ್ಳುತ್ತಾನೆ. ನಾನು ಹೋದರೆ ನಮಸ್ಕಾರ್ರಿ ಸರ ಎಂದು ಗೋಡೆಯ ಕಡೆ ಸರಿಯುತ್ತಾನೆ.

ಈಗ ಹೋಗಿ ಅಂದು ಹೇಳಿದ್ದು ಸುಳ್ಳು ಅಂದರೆ ನನ್ನನ್ನೇ ಒಳಗೆ ಹಾಕಿದರೆ? ನಾನು ಸರಕಾರಿ ನೌಕರ, ಪರದೇಶದಲ್ಲಿ ಕೂತಿದ್ದೇನೆ. ಏನು ಮಾಡಲಿ, ನೀನೇ ಹೇಳು.

ಗೋವಿಂದರಾಜ


ಮುನಿರಾಬಾದ್
೯-೧೨-೧೯೯೮

ನಮಸ್ಕಾರ.

ರೊಟ್ಟಿಯ ಹಿಟ್ಟು, ಕುಂಬಳಕಾಯಿ ಎಲ್ಲ ಮುಗಿದ ಮೇಲೆ ಗೋಣು ಹಾಕಿದ ವಿಷಯ ಬರೆದಿದ್ದೀರಿ. ಅದಕ್ಕೆ ಮೊದಲು ನಾನು ನಗುತ್ತಿದ್ದೆ. ಸಹನಾಳಿಗೂ ಓದಿ ಹೇಳುತ್ತಿದ್ದೆ. ಅಲ್ಲಿಗೆ ಬಂದು ನಿಲ್ಲಿಸಬೇಕಾಯಿತು. ಮುಂದೇನಾಯಿತು ಎಂದು ಅವಳು ಇನ್ನೂ ಕೇಳುತ್ತಿದ್ದಾಳೆ.

ನಿಮ್ಮ ಕಾಗದ ಬಂದ ಮರುದಿನವೇ ಗೌಸಬೀಯನ್ನು ಕರೆದುಕೊಂಡು ಯಲಬುರ್ಗಾಕ್ಕೆ, ಮಾಸ್ತರರ ಮನೆಗೆ ಹೋದೆ. ನಿಜ ಏನಿದೆಯೋ ಅಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಡಿ, ನಾನು ಕಳಿಸುತ್ತೇನೆ ಎಂದು ಮಾಸ್ತರರನ್ನು ಕೇಳಿದೆ. ಅವರಿಗೆ ಸಿಟ್ಟೇನೂ ಬರಲಿಲ್ಲ. ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು. “ಆಗಿದ್ದು ಆಗೇತಿ ತಂಗಿ. ಒಬ್ಬನ ಸಲುವಾಗಿ ಎಲ್ಲಾರೂ ಅಲ್ಲೇ ಕುಂದರಬೇಕಿತ್ತೇನು?” ಎಂದರು. ಅವರ ಮನೆಯವರು ಚಹಾ ತಂದರು. ಗೌಸಬೀ ಕುಡಿಯಲಿಲ್ಲ. ನಾನೂ ಕುಡಿಯಲಿಲ್ಲ. ಗಂಗಾವತಿಗೆ ಹೋದರೆ ಓಬಳೆಪ್ಪ ಕೇಳಿದ್ದು ರೇಡಿಯೇಟರು ಒಡೆದಿದೆಯೋ ಇಲ್ಲವೋ ಎಂದು. ಡ್ರೈವರನ ಹೆಸರನ್ನು ಒಂದು ಸಲವೂ ತೆಗೆಯಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ನಾನು ಗೌಸಬೀಗೆ ಹೇಳಿಬಿಟ್ಟೆ. ಸಾಹೇಬರೂ ಗೋಣು ಹಾಕಿದ್ದಾರೆ ಎಂದು. ಹೇಳಬೇಕಿತ್ತೋ ಬಾರದಿತ್ತೋ ನನಗೆ ತಿಳಿಯದು. ದಿನಾ ನನ್ನ ಮನೆಯ ಬಾಗಿಲಲ್ಲಿ ಕೂರುವವಳಿಗೆ ಎಷ್ಟು ದಿನ ಗೊತ್ತಿಲ್ಲ ಎನ್ನಲಿ? ಅವಳು ಹಿಟ್ನಾಳ ಬರುವವರೆಗೂ ಕಿಟಕಿಯಾಚೆ ನೋಡುತ್ತ ಕುಳಿತಳು. ಇಳಿಯುವಾಗ, “ನಾಳಿ ಬರ್ತೀನ್ರಿ ಅಕ್ಕಾರ” ಎಂದಳು. ಮರುದಿನ ಬಂದಳು ಕೂಡ. ಬಾರದೇ ಇದ್ದರೆ ಚೆನ್ನಾಗಿತ್ತು ಎಂದು ನನಗನ್ನಿಸಿತು. ಹಾಗೆ ಅನ್ನಿಸುವಂತೆ ಮಾಡಿದವರು ನೀವು.

ಏನು ಮಾಡಲಿ ಎಂದು ನನ್ನನ್ನು ಕೇಳುತ್ತೀರಿ. ಠಾಣೆಗೆ ಹೋಗಿ ಬಾಯಿಬಿಟ್ಟು ಹೇಳಿರಿ. ಒಳಗೆ ಹಾಕಿದರೆ ಹಾಕಲಿ. ಹೇಗೂ ಅತ್ತೆಯವರು ಒಬ್ಬನಿಗೆ ರೊಟ್ಟಿ ತರುತ್ತಿದ್ದಾರೆ, ಇಬ್ಬರಿಗೂ ತಂದಾರು.

ನಿಮ್ಮ ಹೆಸರಿನಲ್ಲಿ ರಜೆಯ ಅರ್ಜಿ ಕೊಟ್ಟಿದ್ದೇನೆ. ಕಾರಣದ ಜಾಗದಲ್ಲಿ ತಾಯಿಯ ಅನಾರೋಗ್ಯ ಎಂದು ನಿಮ್ಮ ಸುಳ್ಳನ್ನೇ ಬರೆದೆ. ಸುಳ್ಳು ನನ್ನ ಕೈಬರಹದಲ್ಲಿದೆ, ಅದೂ ನೆನಪಿರಲಿ. ಅಲ್ಲಿ ಚಳಿ ಬಿದ್ದಿರಬೇಕು. ಮೊದಲು ಅತ್ತೆಯವರನ್ನು ಯಾರಾದರೂ ಒಳ್ಳೆಯವರ ಜೊತೆ ಮಾಡಿ ಕಳಿಸಿರಿ.

ಹೇಮಾ


ಬುಟವಲ್
೨೨-೧೨-೧೯೯೮

ಹೇಮಾಳಿಗೆ,

ಹೋದೆ. ಹೇಳಿದೆ.

ಅಧಿಕಾರಿ ಮೊದಲು ನಂಬಲಿಲ್ಲ. ಆಮೇಲೆ ಸಿಟ್ಟಾದ. ಅಂದು ಒಂದು, ಇಂದು ಒಂದು, ಯಾರು ಹೇಳಿಕೊಟ್ಟರು ಎಂದು ಕೇಳಿದ. ಯಾರೂ ಇಲ್ಲ ಎಂದೆ. ಬೆಂಚಿನ ಮೇಲೆ ಕೂರಿಸಿದ. ಸಂಜೆಯವರೆಗೆ ಅಲ್ಲಿಯೇ ಕುಳಿತಿದ್ದೆ. ಬರುವವರು ಹೋಗುವವರು ನೋಡುತ್ತಿದ್ದರು. ಮಧ್ಯಾಹ್ನ ಅವ್ವ ರೊಟ್ಟಿ ತಂದಳು. ಬೆಂಚಿನ ಮೇಲಿನ ನನ್ನನ್ನು ನೋಡಿದಳು. ಎರಡು ರೊಟ್ಟಿ ನನ್ನ ಕೈಗಿಟ್ಟು ಒಳಗೆ ಹೋದಳು. ನೀನು ಬರೆದ ಹಾಗೆಯೇ ಆಯಿತು, ನಿನಗೆ ಸಮಾಧಾನವಾಗಲಿ. ಕೊನೆಗೆ ಎಲ್ಲವನ್ನೂ ಹೊಸದಾಗಿ ಬರೆಸಿಕೊಂಡು ಕಳಿಸಿದರು.

ಮರುದಿನ ಅವ್ವನ ಜೊತೆ ಆಕಳಿನ ಮುದುಕನ ಮನೆಗೆ ಹೋದೆ. ಅವನಿಗೆ ಚೂರುಪಾರು ಹಿಂದಿ ಬರುತ್ತದೆ. ನಿಮ್ಮ ಆಕಳು ಅಂದು ರಸ್ತೆಯಲ್ಲಿ ಯಾಕೆ ಮಲಗಿತ್ತು ಎಂದು ಕೇಳಿದೆ. ಅದು ಯಾವಾಗಲೂ ಅಲ್ಲೇ ಮಲಗುತ್ತಿತ್ತು, ಚಳಿಗೆ ಡಾಂಬರು ಬೆಚ್ಚಗಿರುತ್ತದೆ, ಹಿಂದೆ ಒಂದು ಲಾರಿಯೂ ಅದಕ್ಕೆ ತಾಗಿತ್ತು ಎಂದ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇದನ್ನು ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದರೆ, ಆಕಳು ಯಾರದು ಎಂದಷ್ಟೇ ಕೇಳಿದರು, ಬೇರೆ ಏನನ್ನೂ ಯಾರೂ ಕೇಳಲಿಲ್ಲ ಎಂದ. ಅವ್ವ ಇಷ್ಟು ದಿನ ಕನ್ನಡದಲ್ಲಿ ಕೇಳಿದ್ದೇನು? ಇದೇ ಪ್ರಶ್ನೆಯನ್ನಂತೆ. ಈ ಅಜ್ಜಿಗೆ ಕುಂಬಳಕಾಯಿ ಬಲು ಇಷ್ಟ ಎಂದು ಅವನು ತಿಳಿದಿದ್ದ. ತನ್ನ ಅಂಗಳದಲ್ಲಿ ಇದ್ದುದನ್ನೆಲ್ಲ ಕೊಟ್ಟುಬಿಟ್ಟಿದ್ದ.

ಅವನು ಬಂದು ಹೇಳಿಕೆ ಕೊಟ್ಟ. ಶಾಮೀದಸಾಬನನ್ನು ಹೊರಗೆ ಬಿಟ್ಟರು. ತೀರ್ಪು ಆಗುವವರೆಗೆ ಊರು ಬಿಡಬಾರದು, ಕರೆದಾಗ ಕೋರ್ಟಿಗೆ ಹೋಗಬೇಕು. ನನಗೆ ಅಂಥ ಕಟ್ಟಳೆ ಏನೂ ಇಲ್ಲ.

ಅಷ್ಟರಲ್ಲಿ ಅವ್ವನಿಗೆ ಜ್ವರ, ಕೆಮ್ಮು. ನಿನ್ನ ಕೈಯಲ್ಲಿ ಬರೆಸಿದ ಸುಳ್ಳು ಕೊನೆಗೂ ನಿಜವಾಯಿತು. ದೇವರ ದಯೆ, ಮುಕ್ತಿನಾಥದಿಂದ ತಿರುಗಿ ಬರುತ್ತಿದ್ದ ಸಿರಗುಪ್ಪದ ಯಾತ್ರಿಕರ ಬಸ್ಸೊಂದು ಸಿಕ್ಕಿತು. ಒಳ್ಳೆಯ ಮಂದಿ, ಮನೆಯ ಬಾಗಿಲಿಗೇ ಬಿಟ್ಟು ಹೋಗುತ್ತೇವೆ ಎಂದಿದ್ದಾರೆ. ಇನ್ನೊಂದು ಸೀಟೂ ಖಾಲಿ ಇತ್ತು. ನನ್ನ ಚೀಲ ನನ್ನ ಕೈಯಲ್ಲೇ ಇತ್ತು. ಕಿಟಕಿಯಿಂದ ಅವ್ವನೇ ಕರೆದಳು.

“ಹತ್ತಪಾ. ಹೇಳೋದು ಹೇಳೀದಿ. ಸಾಲಿ ಹುಡುಗಿ ಐತಿ ಮನ್ಯಾಗ.”

ಇಷ್ಟು ದಿನ ನನ್ನನ್ನು ಕಟ್ಟಿಹಾಕಿದವಳೇ ಬಿಚ್ಚಿಬಿಟ್ಟಳು. ಶಾಮೀದಸಾಬ ಬಸ್ಸಿನ ಆಚೆ ನಿಂತು ಅವ್ವನ ಗಂಟು ಮೇಲಕ್ಕೆ ಕೊಡುತ್ತಿದ್ದ. ನಾನು ಹತ್ತಲಿಲ್ಲ. ಯಾಕೆಂದು ಕೇಳಬೇಡ. ಬಸ್ಸು ಹೋದ ಮೇಲೆ ನನಗೆ ನನ್ನ ಮೇಲೆಯೇ ಎಂಥ ಸಿಟ್ಟು ಬಂತೆಂದರೆ, ಸಂಜೆಯವರೆಗೆ ಯಾರೊಂದಿಗೂ ಮಾತಾಡಲಿಲ್ಲ. ಮಾತಾಡಲು ಇದ್ದವನು ಅವನೊಬ್ಬ. ಅವನೂ ಆಡಲಿಲ್ಲ.

ಗೋವಿಂದರಾಜ


ಮುನಿರಾಬಾದ್
೬-೧-೧೯೯೯

ನಮಸ್ಕಾರ.

ಅತ್ತೆಯವರು ಬಂದರು. ಜ್ವರ ಇಳಿದಿದೆ, ಕೆಮ್ಮಿದೆ. ಬಂದ ದಿನವೇ ನನ್ನ ಸಾರಿಗೆ ಖಾರ ಸಾಲದು ಎಂದರು. ನನ್ನ ಅಡುಗೆಗಿಂತ ನೇಪಾಳದ ಪೊಲೀಸರ ಅಡುಗೆ ಚೆನ್ನಾಗಿತ್ತಂತೆ. ಅವರು ಅದನ್ನು ಎಲ್ಲಿ ಉಂಡರು ಎಂದು ನಾನು ಕೇಳಲಿಲ್ಲ.

ಗೌಸಬೀ ಬಂದಾಗ ಪಕ್ಕಕ್ಕೆ ಕೂರಿಸಿಕೊಂಡು ಒಂದು ಮಧ್ಯಾಹ್ನವೆಲ್ಲ ಹೇಳಿದರು. ನಿಮ್ಮ ಗೋಣಿನ ವಿಷಯವನ್ನೂ ಬಿಡಲಿಲ್ಲ, ಬೆಂಚಿನ ವಿಷಯವನ್ನೂ ಬಿಡಲಿಲ್ಲ. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಖಾಲಿ ಸೀಟಿನ ಮಾತಿಗೆ ಬಂದಾಗ ಗೌಸಬೀ, “ಮತ್ತ ಸಾಹೇಬ್ರು ಯಾಕ ಹತ್ತಲಿಲ್ರಿ?” ಎಂದು ಕೇಳಿದಳು. ಅತ್ತೆಯವರು, “ಅಂವಂಗ ಗೊತ್ತು” ಎಂದರು. 

ನಿಮಗೆ ಕಚೇರಿಯಿಂದ ಮೆಮೊ ಬಂದಿದೆ. ಒಳಗೆ ಏನಿದೆ ಎಂದು ಬರೆದರೆ ನಿಮಗೆ ನಿದ್ದೆ ಬರುವುದಿಲ್ಲ, ಬಂದ ಮೇಲೆ ಓದಿಕೊಳ್ಳಿರಿ. ಸಹನಾ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಲೆಕ್ಕದಲ್ಲಿ ಕಡಿಮೆ ಅಂಕ ತೆಗೆದಿದ್ದಾಳೆ, ಅದಕ್ಕೂ ನೀವೇ ಕಾರಣ ಎಂದು ನಾನು ಅವಳಿಗೆ ಹೇಳಿದ್ದೇನೆ. ಪಾರ್ಸೆಲ್ಲಿನಲ್ಲಿ ಎರಡು ಸ್ವೆಟರು ಕಳಿಸಿದ್ದೇನೆ. ಕಂದು ಬಣ್ಣದ್ದು ಗೌಸಬೀ ಕೊಟ್ಟಿದ್ದು, ಅದನ್ನು ನೀವು ಹಾಕಿಕೊಳ್ಳಬೇಡಿರಿ.

ನನಗೆ ನಿಮ್ಮ ಮೇಲೆ ಸಿಟ್ಟು ಇಳಿದಿಲ್ಲ. ಆದರೆ ಆ ಬಸ್ಸು ಬಂದ ಹೊತ್ತಿಗೆ ಬಾಗಿಲಲ್ಲಿ ಗೌಸಬೀ ಕೂತಿದ್ದಳು. ನೀವೂ ಅದರಿಂದ ಇಳಿದಿದ್ದರೆ ನಾನು ಎಲ್ಲಿ ನಿಲ್ಲುತ್ತಿದ್ದೆನೋ ಗೊತ್ತಿಲ್ಲ.

ಹೇಮಾ


ಬುಟವಲ್
೨೦-೧-೧೯೯೯

ಹೇಮಾಳಿಗೆ,

ಮುಗಿಯಿತು. ನಿನ್ನೆ ತೀರ್ಪಾಯಿತು. ಬೇಕೆಂದು ಮಾಡಿದ್ದಲ್ಲ, ಆಕಸ್ಮಿಕ ಎಂದು ಒಪ್ಪಿದರು. ದಂಡ ಹಾಕಿದ್ದಾರೆ, ಕಟ್ಟಿದ್ದೇವೆ. ಆಕಳಿನ ಮುದುಕ ಕೋರ್ಟಿಗೆ ಬಂದವನು ಹೊರಗೆ ನಿಂತು ಅಜ್ಜಿ ಎಲ್ಲಿ ಎಂದು ಹುಡುಕುತ್ತಿದ್ದ. ಊರಿಗೆ ಹೋದಳು ಎಂದೆ. ಅವನ ಮುಖ ಸಣ್ಣದಾಯಿತು. ಗಾಡಿಯನ್ನೂ ಬಿಟ್ಟಿದ್ದಾರೆ. ರೇಡಿಯೇಟರು ಒಡೆದಿದೆ, ಓಬಳೆಪ್ಪನಿಗೆ ಹೇಳಿ ಅವನ ಕುತೂಹಲ ತಣಿಸು. ದುರಸ್ತಿ ಮುಗಿದ ಕೂಡಲೇ ನಾವಿಬ್ಬರೇ ಅದರಲ್ಲಿ ಹೊರಡುತ್ತೇವೆ.

ಪಶುಪತಿನಾಥ ಇಲ್ಲಿಂದ ಒಂದು ಹಗಲಿನ ದಾರಿ. ನೋಡಿಕೊಂಡು ಬರ್ರಿ, ನಾ ಇರ್ತೀನಿ ಎಂದ ಶಾಮೀದಸಾಬ. ನನಗೆ ಮನಸ್ಸಾಗಲಿಲ್ಲ. ದೇವರ ಮೇಲೂ ಸ್ವಲ್ಪ ಬೇಜಾರಾಗಿದೆ, ಅವ್ವನ ಮುಂದೆ ಓದಬೇಡ.

ಈ ಒಂದು ತಿಂಗಳು ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೇವೆ. ಅವನು ಅನ್ನ ಮಾಡುತ್ತಾನೆ, ನಾನು ಪಾತ್ರೆ ತೊಳೆಯುತ್ತೇನೆ. ಉಪ್ಪು ಹೆಚ್ಚಾಯಿತು, ಬಸ್ಸು ತಡವಾಯಿತು, ಇಷ್ಟೇ ಮಾತು. ಮೊನ್ನೆ ಸ್ವೆಟರು ಬಂದ ದಿನ ನಾನೇ ತಡೆಯಲಾರದೆ ಕೇಳಿದೆ, ನನ್ನ ಮೇಲೆ ಸಿಟ್ಟಿದೆಯೇನು ಎಂದು. ಅವನು ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಎಲ್ಲ ಗುಂಡಿ ಹಾಕಿ ಮುಗಿಸಿದ.

“ಸಿಟ್ಟಿಲ್ರಿ ಸರ. ಮಾಸ್ತರ ಹಂಗ ಹೇಳ್ತಾರ ಅಂತ ನನಗ ಗೊತ್ತಿತ್ರಿ. ನೀವು ಗೋಣ ಹಾಕೋಮುಂದ ನನ್ನ ಮುಖಾ ನೋಡಿದ್ರಿ. ಅದೊಂದು ನೋಡಬಾರದಿತ್ರಿ.”

ಅವನು ಸ್ಟೌ ಹಚ್ಚಿದ. ನಾನು ನೀರು ತರಲು ಹೋದೆ.

ಈ ಮಧ್ಯಾಹ್ನ ಗೌಸಬೀಗೆ ಒಂದು ಕಾಗದ ಬರೆದುಕೊಡಿ ಎಂದು ನನ್ನನ್ನೇ ಕೇಳಿದ. ಅವನಿಗೆ ಬರೆಯಲು ಬರುವುದಿಲ್ಲ, ಅವಳಿಗೆ ಓದಲು ಬರುವುದಿಲ್ಲ. ಅವನು ಹೇಳಿದ, ನಾನು ಬರೆದೆ. ಠಾಣೆಯಲ್ಲಿ ಕಳೆದ ದಿನಗಳು, ಅವ್ವನ ರೊಟ್ಟಿ, ಮುದುಕನ ಆಕಳು, ಇಲ್ಲಿಯ ಚಳಿ, ಮಕ್ಕಳ ಹೆಸರು ಹಿಡಿದು ಒಬ್ಬೊಬ್ಬರಿಗೂ ಒಂದೊಂದು ಮಾತು, ಎಲ್ಲ ಇದೆ. ಇದರ ಜೊತೆಗೇ ಇಟ್ಟಿದ್ದೇನೆ. ನೀನೇ ಅವಳಿಗೆ ಓದಿ ಹೇಳಬೇಕು.

ಅದರಲ್ಲಿ ನನ್ನ ಮಾತು ಎಲ್ಲಿಯೂ ಬರುವುದಿಲ್ಲ. ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಅವನು ಹೇಳಿದ್ದಕ್ಕೆ ನಾನು ಏನನ್ನೂ ಸೇರಿಸಿಲ್ಲ. ಓದುವಾಗ ನೀನೂ ಸೇರಿಸಬೇಡ.

ಗೋವಿಂದರಾಜ